ಬೀಮ್ ನಿಂತ ಮೇಲೂ ಬೆಳೆದ ಪೀಕ್

ನೀವೇನು ಸಂಶೋಧನೆ ಮಾಡಿದ್ದೀರಿ ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ಸಿಟ್ಟು ಬರುತ್ತದೆ, ಆಮೇಲೆ ಉತ್ತರ. ಪಾಪ, ಕೇಳಿದವರ ತಪ್ಪೇನಿಲ್ಲ. ಬೆಳಗಾವಿಯ ಒಂದು ಖಾಸಗಿ ಕಾಲೇಜಿನಲ್ಲಿ ಲೋಲಕ ತೂಗಾಡಿಸುತ್ತ, ಹುಡುಗರ ರೆಕಾರ್ಡಿಗೆ ಸಹಿ ಹಾಕುತ್ತ ದಿನ ತಳ್ಳುತ್ತಿರುವ ಮೇಡಂ ಒಬ್ಬಳು ಒಂದು ಕಾಲಕ್ಕೆ ಭೂಮಿಯ ಮೇಲೆ ಎಲ್ಲೂ ಸಿಗದ ಬೀಜಗಳ ಹಿಂದೆ ಬಿದ್ದಿದ್ದಳು ಎಂದು ಅವರಿಗೆ ಹೇಗೆ ಗೊತ್ತಾಗಬೇಕು? ಗೊತ್ತಾಗುವ ಹಾಗೆ ಎಲ್ಲೂ ನನ್ನ ಹೆಸರಿಲ್ಲ.

ಬೀಜ ಎಂದರೆ ಹೊಲದ ಬೀಜವಲ್ಲ, ಪರಮಾಣುವಿನ ನಟ್ಟನಡುವೆ ಇರುವ ಬೀಜ. ಅದರೊಳಗೆ ಪ್ರೋಟಾನು, ನ್ಯೂಟ್ರಾನು. ನಮ್ಮ ಸುತ್ತಲಿನ ಕಬ್ಬಿಣ, ಸುಣ್ಣ, ಉಪ್ಪಿನಲ್ಲಿ ಇವೆರಡೂ ಹೊಂದಿಕೊಂಡು ಬಾಳುತ್ತವೆ, ಅದಕ್ಕೇ ಅವು ಉಳಿದಿವೆ. ನ್ಯೂಟ್ರಾನುಗಳನ್ನು ಮಿತಿಮೀರಿ ತುಂಬಿಕೊಂಡ ಬೀಜಗಳೂ ಉಂಟು. ಅವನ್ನು ದೊಡ್ಡ ಯಂತ್ರದಲ್ಲಿ ಹುಟ್ಟಿಸಬೇಕು. ಹುಟ್ಟಿದ ಕೆಲವು ಸೆಕೆಂಡಿನಲ್ಲಿ ವಿಕಿರಣ ಸೂಸಿ ಬೇರೊಂದು ಬೀಜವಾಗಿ ಹೋಗುತ್ತವೆ. ಅಷ್ಟರೊಳಗೆ ಅವನ್ನು ಹೆಕ್ಕಿ, ಧಾರೆಯಾಗಿ ಓಡಿಸಿ, ತೆಳ್ಳನೆಯ ಹಾಳೆಯೊಂದಕ್ಕೆ ಅಪ್ಪಳಿಸಬೇಕು. ಆ ಧಾರೆಗೆ ನಾವು ಬೀಮ್ ಎನ್ನುತ್ತೇವೆ. ಅಪ್ಪಳಿಸಿದಾಗ ಹೊರಬರುವ ಗಾಮಾ ಕಿರಣಗಳ ಶಕ್ತಿಯನ್ನು ಅಳೆದರೆ ಬೀಜದ ಒಳಗಿನ ರಚನೆ ತಿಳಿಯುತ್ತದೆ. ಒಂದೇ ಶಕ್ತಿಯ ಕಿರಣಗಳು ಮತ್ತೆ ಮತ್ತೆ ಬಂದರೆ ಕಂಪ್ಯೂಟರ್ ಪರದೆಯ ಮೇಲೆ ಆ ಜಾಗದಲ್ಲಿ ಒಂದು ಗುಡ್ಡೆ ಏಳುತ್ತದೆ. ಅದು ಪೀಕ್. ನಮ್ಮಂಥವರ ಅರ್ಧ ಆಯುಷ್ಯ ಇಂಥ ಗುಡ್ಡೆ ಕಾಯುವುದರಲ್ಲೇ ಹೋಗುತ್ತದೆ.

ಬೀಜದೊಳಗೆ ನ್ಯೂಟ್ರಾನುಗಳು ಮಹಡಿಯ ಮೇಲೆ ಮಹಡಿಯಾಗಿ ಕೂರುತ್ತವೆ. ಕೆಲವು ಮಹಡಿಗಳ ನಡುವೆ ಅಂತರ ದೊಡ್ಡದು, ಅಲ್ಲಿಗೆ ಬೀಜ ಗಟ್ಟಿ. ನ್ಯೂಟ್ರಾನು ವಿಪರೀತವಾದಾಗ ಆ ಅಂತರ ಕುಸಿಯುತ್ತದೆಯೇ ಎನ್ನುವುದು ನನ್ನ ಪಿಎಚ್‌ಡಿಯ ಪ್ರಶ್ನೆಯಾಗಿತ್ತು. ಒಂದು ನಿರ್ದಿಷ್ಟ ಬೀಜದಲ್ಲಿ ಕುಸಿದಿದೆ, ಕುಸಿದಿದ್ದರೆ ಇಂಥ ಶಕ್ತಿಯ ಹತ್ತಿರ ಒಂದು ಪೀಕ್ ಕಾಣಬೇಕು ಎಂದು ಲೆಕ್ಕ ಹಾಕಿ ಬರೆದಿದ್ದೆ. ಬರೆದದ್ದು ನಾನು, ಯೋಚಿಸಿದ್ದು ನಾನು. ಇದನ್ನು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ಬೇರೆ ಯಾರೂ ಹೇಳುವುದಿಲ್ಲ.

ನನ್ನ ಗೈಡ್ ನಮ್ಮ ಕಡೆಯವರೇ. ದೂರದ ದೊಡ್ಡ ಸಂಸ್ಥೆಯೊಂದರಲ್ಲಿ ಪ್ರೊಫೆಸರ್. ರಜೆಗೆ ಬೆಳಗಾವಿಗೆ ಬಂದರೆ ದಂಡುಪ್ರದೇಶವಾದ ಕ್ಯಾಂಪಿನಲ್ಲಿರುವ ತಮ್ಮ ಅಕ್ಕನ ಮನೆಯಲ್ಲಿ ಇಳಿಯುತ್ತಿದ್ದರು. ಪಿಎಚ್‌ಡಿ ಮುಗಿಸಿ ಎಲ್ಲೂ ಕೆಲಸ ಸಿಗದೆ ನಾನು ಊರಿಗೆ ಮರಳಿ ಕಾಲೇಜು ಸೇರಿದ್ದು ಅವರಿಗೂ ಬೇಸರವಾಗಿತ್ತು, ಸುಳ್ಳು ಹೇಳಬಾರದು. ಒಮ್ಮೆ ಆ ಹಳೆಯ ಬಂಗಲೆಯ ವರಾಂಡದಲ್ಲಿ ಚಹಾ ಕುಡಿಯುತ್ತ ಹೇಳಿದರು: "ನಿನ್ನ ಲೆಕ್ಕಾ ಇಟಗೊಂಡ ಬೀಮ್ ಟೈಮಿಗೆ ಅರ್ಜಿ ಹಾಕೋಣು. ಪೀಕ್ ಸಿಕ್ಕಿತಂದ್ರ ಪೇಪರಿನ್ಯಾಗ ನಿಂದ ಹೆಸರ ಮೊದಲ. ನಮ್ಮಲ್ಲೆ ಒಂದ ಹೊಸಾ ಪೋಸ್ಟ್ ಬರೂದೈತಿ. ನಿನ್ನ ಆ ಕಾಲೇಜಿನಿಂದ ಕಿತ್ತ ತರತೇನಿ, ನೋಡಾಕತ್ತಿರು."

ನನಗೆ ಬೇರೇನೂ ಬೇಕಿರಲಿಲ್ಲ. ಸಂಬಳ ಹೆಚ್ಚಾಗಲಿ ಎಂದಲ್ಲ, ಊರು ಬಿಡಬೇಕೆಂದೂ ಅಲ್ಲ. ಕಲಿತ ಕೆಲಸವನ್ನು ಮಾಡುವ ಒಂದು ಜಾಗ. ಆ ಪೋಸ್ಟಿನ ಮೇಲೆ ಜೀವ ಇಟ್ಟು ಕೂತೆ.

ಅರ್ಜಿ ಒಪ್ಪಿಗೆಯಾಯಿತು. ಸಮುದ್ರದಾಚೆಯ ಒಂದು ಪ್ರಯೋಗಾಲಯ ನಮಗೆ ಒಂದು ವಾರದ ಬೀಮ್ ಕೊಟ್ಟಿತು. ಹೋಗಿ ಬರುತ್ತೇನೆ, ರಜೆ ಕೊಡಿ ಎಂದು ನಮ್ಮ ಪ್ರಿನ್ಸಿಪಾಲರ ಮುಂದೆ ನಿಂತೆ. ಅವರು ಕಣ್ಣು ಅಗಲಿಸಿದರು.

"ಅದ ವಾರ ಕಾಲೇಜ್ ತಪಾಸಣಿಗೆ ಕಮಿಟಿ ಬರಾಕತ್ತೈತ್ರಿ ಮೇಡಂ. ನೀವ್ ಪರದೇಶಕ್ಕ ಹೋದ್ರ ಲ್ಯಾಬ್ ಯಾರ್ ತೋರಸ್ತಾರ? ಲೋಲಕ ತನ್ನಷ್ಟಕ್ಕ ತಾನ ತೂಗಾಡತೈತೇನ್ರಿ?"

ಕಾಲೇಜಿಗೆ ಸುಣ್ಣ ಬಳಿದರು, ಶೌಚಾಲಯಕ್ಕೆ ಹೊಸ ಬಾಗಿಲು ಬಂತು, ಕಮಿಟಿ ಮಾತ್ರ ಬರಲಿಲ್ಲ. ಮುಂದಕ್ಕೆ ಹೋಯಿತಂತೆ. ಆಗ ಪ್ರಿನ್ಸಿಪಾಲರು ದೊಡ್ಡ ಮನಸ್ಸು ಮಾಡಿ ರಜೆ ಕೊಟ್ಟರು. ಅಷ್ಟರಲ್ಲಿ ನನ್ನ ಗೈಡ್ ಸರ್ ತಮ್ಮ ವಿದ್ಯಾರ್ಥಿಗಳನ್ನು ಕರೆದುಕೊಂಡು ವಿಮಾನ ಹತ್ತಿಯಾಗಿತ್ತು.

ಈಗಿನ ಕಾಲದಲ್ಲಿ ಒಂದು ಅನುಕೂಲವಿದೆ, ದೂರದಿಂದಲೇ ಪಾಳಿ ಮಾಡಬಹುದು. ಬೀಮ್ ಓಡುವಾಗ ಹಗಲು ರಾತ್ರಿ ಯಾರಾದರೂ ಪರದೆ ಕಾಯಬೇಕು. ಅಲ್ಲಿಯ ನಡುರಾತ್ರಿ ಎಂದರೆ ನಮ್ಮ ಮಧ್ಯಾಹ್ನ. ಆ ಪಾಳಿ ನನ್ನದಾಯಿತು. ಬೆಳಗಾವಿಯ ಸದಾಶಿವನಗರದ ನನ್ನ ಬಾಡಿಗೆ ಮನೆಯ ಇಂಟರ್ನೆಟ್ಟನ್ನು ನಂಬಿ ಇಂಥ ಕೆಲಸ ಮಾಡುವಂತಿರಲಿಲ್ಲ. ಖಾನಾಪುರದಲ್ಲಿ ಅಣ್ಣನದು ಕೇಬಲ್ ಮತ್ತು ಇಂಟರ್ನೆಟ್ ಕೊಡುವ ವ್ಯವಹಾರ. ಮನೆಯ ಮುಂದಿನ ಕೋಣೆಯೇ ಆಫೀಸು, ಹಿಂದೆ ಬ್ಯಾಟರಿಗಳ ಸಾಲು. ಬ್ಯಾಗು ಹಾಕಿಕೊಂಡು ಬಸ್ಸು ಹತ್ತಿ ಅಲ್ಲಿಗೆ ಹೋದೆ.

ಅಣ್ಣ ನನಗಾಗಿ ಬೇರೆಯೇ ಒಂದು ಲೈನು ಎಳೆದು ಟೇಬಲ್ ಹಾಕಿಕೊಟ್ಟ. ಕಣಕುಂಬಿ ಕಡೆ ಮರ ಬಿದ್ದು ಕೇಬಲ್ ಹರಿದಿದೆ, ಟಿವಿ ಬಂದ್ ಆಗಿದೆ ಎಂದು ಬಾಜು ಟೇಬಲ್ಲಿನ ಫೋನು ದಿನವಿಡೀ ಒದರುತ್ತಿತ್ತು. ಅಣ್ಣ ಕನ್ನಡದಲ್ಲಿ ಒಬ್ಬರಿಗೆ, ಮರಾಠಿಯಲ್ಲಿ ಇನ್ನೊಬ್ಬರಿಗೆ ಸಮಾಧಾನ ಹೇಳುತ್ತಿದ್ದ. ನಾನು ಅದರ ನಡುವೆ ಕೂತು ಜಗತ್ತಿನ ಇನ್ನೊಂದು ತುದಿಯಲ್ಲಿ ಹುಟ್ಟಿ ಸಾಯುತ್ತಿದ್ದ ಬೀಜಗಳನ್ನು ನೋಡುತ್ತಿದ್ದೆ.

ಎರಡನೆಯ ದಿನ ಪೀಕ್ ಎದ್ದಿತು. ನಾನು ಲೆಕ್ಕ ಹಾಕಿ ಬರೆದಲ್ಲೇ, ಸ್ವಲ್ಪವೂ ಆಚೀಚೆ ಇಲ್ಲ! ಮೈಯೆಲ್ಲ ಜುಮ್ಮೆಂದಿತು. ವಿಡಿಯೋದಲ್ಲಿ ಸರ್ ಮುಖ ಅರಳಿತ್ತು. "ಬಂತ ನೋಡವಾ ನಿನ್ನ ಪೀಕ್! ಭಲೇ!" ಎಂದು ಕೂಗಿದರು. ಒಳಗಿನಿಂದ ಅಣ್ಣನ ಹೆಂಡತಿ, ನಮ್ಮ ವೈನಿ, ಓಡಿ ಬಂದರು. ಏನಾಯಿತೆಂದು ಅವರಿಗೆ ಅರ್ಥವಾಗಲಿಲ್ಲ, ಆದರೆ ಒಳ್ಳೆಯದೇ ಆಗಿದೆ ಎಂದು ಗೊತ್ತಾಯಿತು. "ಅಗ ಬಾಯಿ!" ಎಂದು ಮರಾಠಿಯಲ್ಲಿ ಬೆರಗಾಗಿ, "ಬಾಯಿ ಸಿಹಿ ಮಾಡ್ಕೋರಿ ಮೊದಲ" ಎಂದು ಕುಂದಾ ತಂದು ಬಾಯಿಗಿಟ್ಟರು. ಆ ಗಳಿಗೆಯ ಸಂತೋಷ ಖರೇ ಸಂತೋಷ. ಅದನ್ನು ಈಗಲೂ ಯಾರಿಗೂ ಬಿಟ್ಟುಕೊಡುವುದಿಲ್ಲ.

ಒಂದು ವಿಷಯ ಮಾತ್ರ ಸರಿ ಕಾಣಲಿಲ್ಲ. ಖಾನಾಪುರ ಸ್ಟೇಶನ್ನಿಗೆ ನಿಲ್ಲದೆ ಓಡುವ ರೈಲಿನ ಹಾರ್ನು ಹತ್ತಿರ ಬರುವಾಗ ಒಂದು ಥರ, ದಾಟಿ ಹೋಗುವಾಗ ಇನ್ನೊಂದು ಥರ ಕೇಳುತ್ತದಲ್ಲ, ಹಾಗೆಯೇ ಓಡುತ್ತಿರುವ ಬೀಜ ಸೂಸಿದ ಗಾಮಾ ಕಿರಣದ ಶಕ್ತಿ ಕಿರಣ ಅಳೆಯಲು ಮುಂದೆ ಇಟ್ಟ ಡಿಟೆಕ್ಟರಿನಲ್ಲಿ ಹೆಚ್ಚು, ಹಿಂದೆ ಇಟ್ಟದ್ದರಲ್ಲಿ ಕಡಿಮೆ ಕಾಣಬೇಕು. ನಮ್ಮ ಪೀಕ್ ಎಲ್ಲ ಡಿಟೆಕ್ಟರುಗಳಲ್ಲೂ ಒಂದೇ ಜಾಗದಲ್ಲಿ ಕಲ್ಲಿನ ಹಾಗೆ ಕೂತಿತ್ತು. ಅಂದರೆ ಅದು ನಿಂತ ಬೀಜದಿಂದ ಬಂದದ್ದು. ಸರ್ ಇದಕ್ಕೆ ಉತ್ತರ ಹುಡುಕಿದ್ದರು: ನಮ್ಮ ಬೀಜ ಶಕ್ತಿಯನ್ನು ಒಡನೆಯೇ ಹೊರಹಾಕದೆ ಕ್ಷಣಕಾಲ ಹಿಡಿದಿಟ್ಟುಕೊಳ್ಳುತ್ತದೆ, ಹೋಗಿ ಬೀಮ್ ಓಡುವ ಕೊಳವೆಯ ಗೋಡೆಗೆ ಬಡಿದು ನಿಂತ ಮೇಲೆ ಸೂಸುತ್ತದೆ. ಹಾಗೂ ಆಗುವುದುಂಟು. ಆಗಿದ್ದರೆ ಅದು ಇನ್ನೂ ದೊಡ್ಡ ಸುದ್ದಿ. ಎಲ್ಲರೂ ಕುಣಿದಾಡಿದರು.

ಮರುದಿನ ನನ್ನ ಪಾಳಿಯಲ್ಲಿ ಯಂತ್ರ ಕೈಕೊಟ್ಟಿತು. ಬೀಮ್ ನಿಂತಿದೆ, ರಿಪೇರಿಗೆ ಅರ್ಧ ಗಂಟೆಯಾದರೂ ಬೇಕು ಎಂದು ಸರ್ ಜೊತೆ ಹೋಗಿದ್ದ ವಿದ್ಯಾರ್ಥಿ ಹುಡುಗನೊಬ್ಬ ತಿಳಿಸಿ ಕಾಫಿಗೆ ಎದ್ದು ಹೋದ. ಬೀಮ್ ಇಲ್ಲದಾಗ ಪರದೆ ನೋಡುವ ಕೆಲಸವೇ ಇಲ್ಲ, ಎಲ್ಲರೂ ಎದ್ದು ಹೋಗುತ್ತಾರೆ. ನಾನು ಎಲ್ಲಿಗೆ ಹೋಗಲಿ? ಅಣ್ಣನ ಆಫೀಸಿನಲ್ಲಿ ಕೂತೇ ಇದ್ದೆ. ಬೇರೆ ಪೀಕುಗಳೆಲ್ಲ ತಣ್ಣಗೆ ನಿಂತವು. ನನ್ನ ಪೀಕ್ ಬೆಳೆಯುತ್ತಲೇ ಇತ್ತು. ಒಂದೊಂದೇ ಎಣಿಕೆ ಮೇಲೇರುತ್ತಿತ್ತು.

ಹೊಡೆಯುವ ಬೀಜವೇ ಇಲ್ಲದಾಗ ಪೀಕ್ ಎಲ್ಲಿಂದ ಬೆಳೆಯಬೇಕು? ಕ್ಷಣಕಾಲ ಶಕ್ತಿ ಹಿಡಿದಿಟ್ಟುಕೊಂಡ ಬೀಜ ಅರ್ಧ ಗಂಟೆ ಹಿಡಿದುಕೊಳ್ಳುವುದಿಲ್ಲ. ಎರಡು ದಿನದಿಂದ ಬೀಮಿನ ಅಂಚು ತಗುಲಿ ಒಳಗಿನ ಗೋಡೆಗೆ ಅಂಟಿಕೊಂಡ ಬೀಜಗಳು ಬೇರೆ ಬೀಜಗಳಾಗಿ ಮಾರ್ಪಟ್ಟು, ಆ ಮರಿ ಬೀಜಗಳು ನಿಧಾನವಾಗಿ ಅದೇ ಶಕ್ತಿಯ ಕಿರಣ ಸೂಸುತ್ತಿದ್ದವು. ಅಂದರೆ ನನ್ನ ಪೀಕ್ ನನ್ನದಲ್ಲ. ಅದು ಗೋಡೆಯ ಕಸ.

ಅಣ್ಣ ನನ್ನ ಮುಖ ನೋಡಿ ಹತ್ತಿರ ಬಂದ. "ಯಾಕವಾ, ಲೈನ್ ಹೋತೇನ?"

"ಲೈನ್ ಚಲೋನ ಐತಿ ಅಣ್ಣಾ. ಪೀಕ್ ಸುಳ್ಳೈತಿ."

"ಸುಳ್ಳಂದ್ರ? ನಿನ್ನೆ ಖರೇ ಇತ್ತಲ್ಲ?"

ಪೀಕ್ ಸುಳ್ಳಾದರೆ ಪೇಪರಿಲ್ಲ, ಪೇಪರಿಲ್ಲದಿದ್ದರೆ ಪೋಸ್ಟಿಲ್ಲ. ಕಣ್ಣು ಮುಚ್ಚಿಕೊಂಡರೆ ಎಲ್ಲವೂ ಇದೆ. ನೋಡಿದವಳು ನಾನೊಬ್ಬಳೇ. ಹಾಳಾಗಿ ಹೋಗಲಿ ಎಂದು ಸುಮ್ಮನಿದ್ದುಬಿಡಬಹುದಿತ್ತು. ಆದರೆ ಸುಮ್ಮನಿರುವುದು ನನ್ನ ಜಾಯಮಾನದಲ್ಲೇ ಇಲ್ಲ, ಇದರಿಂದ ನನಗೆ ಎಂದೂ ಲಾಭವಾಗಿಲ್ಲ. ಪರದೆಯ ಚಿತ್ರ ತೆಗೆದು ನಮ್ಮ ತಂಡದ ಮೊಬೈಲ್ ಗುಂಪಿಗೆ ಕಳಿಸಿದೆ, ಸರ್‌ಗೆ ಫೋನೂ ಹಚ್ಚಿದೆ.

ಅವರು ನಿದ್ದೆಯಿಂದ ಎದ್ದು ಕೇಳಿಸಿಕೊಂಡರು. "ಬೀಮ್ ಪೂರ್ತಿ ನಿಂತಿರಾಕಿಲ್ಲವಾ. ಒಂದಿಷ್ಟ ಸೋರಾಕತ್ತಿರಬೇಕು."

"ಇಲ್ರೀ ಸರ್, ಪೂರ್ತಿ ನಿಂತಿತ್ತು. ಬ್ಯಾರೆ ಪೀಕ್ ಒಂದೂ ಬೆಳದಿಲ್ಲ. ಇದೊಂದ ಬೆಳದೈತಿ. ಬೀಮ್ ಮುಗದ ಮ್ಯಾಲ ಡಿಟೆಕ್ಟರ್ ಒಂದ ದಿನಾ ಹಂಗ ಚಾಲೂ ಇಡ್ರಿ. ಖರೇ ಏನ ಅಂತ ತಾನ ಗೊತ್ತಾಗತೈತಿ."

"ಆತಾತು, ಇಡೋಣು" ಎಂದು ಫೋನಿಟ್ಟರು.

ಬೀಮ್ ಮುಗಿದ ಮೇಲೆ ಡಿಟೆಕ್ಟರುಗಳನ್ನು ಒಡನೆ ಬಂದ್ ಮಾಡದೆ ಓಡಲು ಬಿಡುವುದು ನಮ್ಮ ವೃತ್ತಿಯ ಹಳೆಯ ರೂಢಿ. ಬೀಮ್ ಹೋದ ಮೇಲೂ ಉಳಿಯುವುದು ಏನಿದೆಯೋ ಅದು ಕಸ, ಅದನ್ನು ಲೆಕ್ಕದಿಂದ ಕಳೆಯಬೇಕು. ಹೊಸದಾಗಿ ಸೇರಿದ ಹುಡುಗರಿಗೆ ಇದನ್ನು ಕಲಿಸಿದವರೇ ಸರ್. ನನಗೂ ಅವರೇ ಕಲಿಸಿದ್ದರು. ಕೊನೆಯ ದಿನ ಬೆಳಿಗ್ಗೆ ಮತ್ತೆ ಫೋನು ಮಾಡಿ ನೆನಪಿಸಿದೆ. ಮಧ್ಯಾಹ್ನ ನನ್ನ ಪಾಳಿಗೆ ಕೂತಾಗ ಪರದೆ ಸತ್ತು ಬಿದ್ದಿತ್ತು. ಎಲ್ಲ ಬಂದ್. ಗುಂಪಿನಲ್ಲಿ ಫೋಟೋ ಬಂತು, ಎಲ್ಲರೂ ಹೋಟೆಲ್ಲಿನಲ್ಲಿ ಗ್ಲಾಸು ಎತ್ತಿ ಹಿಡಿದಿದ್ದಾರೆ, ನಡುವೆ ಸರ್.

ಯಾಕೆ ಬಂದ್ ಮಾಡಿದಿರಿ ಎಂದು ಬರೆದೆ. ಮುಂದಿನ ಗುಂಪಿನವರಿಗೆ ಜಾಗ ಬಿಡಬೇಕಿತ್ತು ಎಂದು ಉತ್ತರ ಬಂತು. ಆ ಗುಂಪು ಬಂದದ್ದು ಮೂರು ದಿನ ಬಿಟ್ಟು ಎಂದು ಆಮೇಲೆ ತಿಳಿಯಿತು. ಅವರು ಮರೆತರೋ, ಬೇಕೆಂದೇ ಮರೆತರೋ, ಆ ದೇವರೇ ಬಲ್ಲ. ಮನುಷ್ಯನಿಗೆ ತನಗೆ ಬೇಡವಾದದ್ದು ಎಷ್ಟು ಸಲೀಸಾಗಿ ಮರೆತುಹೋಗುತ್ತದೆ ಎಂದು ಮಾತ್ರ ನನಗೆ ಅವತ್ತು ಗೊತ್ತಾಯಿತು.

ಮಳೆಗಾಲ ಕಳೆದ ಮೇಲೆ ಸರ್ ಬೆಳಗಾವಿಗೆ ಬಂದು ನನ್ನನ್ನು ಕ್ಯಾಂಪಿಗೆ ಕರೆಸಿದರು. ಪೇಪರ್ ತಯಾರಾಗಿತ್ತು. ಮೊದಲ ಹೆಸರು ನನ್ನದೇ, ಮಾತು ಉಳಿಸಿಕೊಂಡಿದ್ದರು. ಓದಿದೆ. ಬೀಮ್ ನಿಂತ ಅರ್ಧ ಗಂಟೆಯ ಬಗ್ಗೆ ಒಂದು ಸಾಲೂ ಇರಲಿಲ್ಲ.

"ಇದನ್ನ ಹಿಂಗ ಕಳಸೂದ ಬ್ಯಾಡ್ರಿ ಸರ್. ಅದು ಗ್ವಾಡಿಗೆ ಅಂಟಿದ್ದೈತಿ."

"ಅಲ್ಲವಾ, ನಿಂದ ಲೆಕ್ಕಾ ಖರೇ ಆಗೈತಿ. ಎಲ್ಲಾರೂ ಒಪ್ಯಾರ. ನೀನ ಬ್ಯಾಡ ಅಂದ್ರ ಹೆಂಗ?"

"ಲೆಕ್ಕಾ ಖರೇ ಆಗಲಿ ಅಂತ ನನಗೂ ಐತ್ರಿ. ಆದ್ರ ಆಗಿಲ್ಲ."

ಸರ್ ಕಪ್ಪು ಕೆಳಗಿಟ್ಟರು. ಅವರ ದನಿ ಇನ್ನೂ ಮೆತ್ತಗಾಯಿತು. ಸಿಟ್ಟು ಬಂದಾಗ ಅವರು ಹಾಗೆಯೇ. "ಬರೂ ತಿಂಗಳ ಪೋಸ್ಟಿಂದ ಇಂಟರ್‌ವ್ಯೂ ಐತಿ. ಕೈಯಾಗ ಪೇಪರ್ ಇಲ್ಲದ ನೀ ಹೋಗಿ ಕುಂತ್ರ ನಾ ಅವರಿಗೆ ಏನಂತ ಹೇಳಲಿ? ಶಾಣ್ಯಾಕಿ ಅದೀ. ನಾಕ ದಿನಾ ವಿಚಾರ ಮಾಡು."

ನಾಲ್ಕು ದಿನ ಏಕೆ, ನಾಲ್ಕು ತಾಸೂ ಬೇಕಾಗಲಿಲ್ಲ. ಮನೆಗೆ ಹೋಗಿ ನನ್ನ ಹೆಸರು ತೆಗೆಯಿರಿ ಎಂದು ಬರೆದು ಕಳಿಸಿದೆ. ಹೆಸರು ತೆಗೆದರೆ ಅವರು ಗಾಬರಿಯಾಗಿ ಪೇಪರನ್ನೇ ತಡೆಯುತ್ತಾರೆ ಎಂದುಕೊಂಡಿದ್ದೆ. ಯಾರೂ ಗಾಬರಿಯಾಗಲಿಲ್ಲ. ಹೆಸರು ತೆಗೆದರು, ಪೇಪರ್ ಪ್ರಕಟವಾಯಿತು. ನನ್ನ ಯೋಚನೆ, ನನ್ನ ಲೆಕ್ಕ, ನನ್ನ ಹೆಸರೊಂದು ಬಿಟ್ಟು ಎಲ್ಲವೂ ಅದರಲ್ಲಿತ್ತು. ಮೊದಲ ಹೆಸರು ಈಗ ಕಾಫಿಗೆ ಎದ್ದು ಹೋಗಿದ್ದ ಆ ಹುಡುಗನದು. ಪೋಸ್ಟೂ ಅವನಿಗೇ ಹೋಯಿತು. ಇಂಟರ್‌ವ್ಯೂಗೆ ನನ್ನನ್ನು ಕರೆಯಲೂ ಇಲ್ಲ.

ಖಾನಾಪುರಕ್ಕೆ ಹೋಗಿ ವೈನಿಯ ಮುಂದೆ ಅತ್ತೆ, ಬಿಕ್ಕಿ ಬಿಕ್ಕಿ ಅತ್ತೆ. ಅಣ್ಣ ಬಾಗಿಲಲ್ಲಿ ನಿಂತು, "ಒಂದ ಗುಡ್ಡಿ ಸಲುವಾಗಿ ಇಷ್ಟ ದೊಡ್ಡ ನೌಕರಿ ಬಿಟ್ಟೇನ? ಎಂಥಾ ಹುಚ್ಚಿ ಮಾರಾಯ್ತಿ ನೀ" ಎಂದ. ಅವನ ಕಣ್ಣಲ್ಲೂ ನೀರಿತ್ತು, ಆದರೂ ಆ ಮಾತು ಎದೆಗೆ ನಾಟಿತು. ಪ್ರಿನ್ಸಿಪಾಲರ ಸಂಕಟ ಬೇರೆ. "ಕಮಿಟಿಗೆ ತೋರಸಾಕ ಒಂದ ಫಾರಿನ್ ಪೇಪರ್ ಇತ್ತಂತ, ನೀವ ಬ್ಯಾಡ ಅಂದ್ರಂತ? ಅಲ್ರೀ ಮೇಡಂ, ಖರೇ ಸುಳ್ಳ ಅವರ ನೋಡ್ಕೋತಾರ, ನಿಮ್ಮ ಗಂಟೇನ್ ಹೋಗತಿತ್ತ?" ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರ ಎದುರು ಕೇಳಿದರು. ಕಾಲೇಜಿನ ಗೋಡೆಗೆ ನನ್ನ ತಲೆ ಜಜ್ಜಿಕೊಳ್ಳಬೇಕು ಅನ್ನಿಸಿತು.

ಕೆಲವು ವರ್ಷಗಳ ಮೇಲೆ ಬೇರೆ ದೇಶದ ಗುಂಪೊಂದು ಅದೇ ಬೀಜವನ್ನು ಮತ್ತೆ ಅಳೆಯಿತು. ಬೀಮ್ ಮುಗಿದ ಮೇಲೆ ಡಿಟೆಕ್ಟರುಗಳನ್ನು ಓಡಲು ಬಿಟ್ಟಿತು, ನಾನು ಬೇಡಿಕೊಂಡಿದ್ದಷ್ಟೇ. ಪೀಕ್ ಗೋಡೆಯದೇ ಎಂದು ಸಾಬೀತಾಯಿತು. ಮಹಡಿಗಳ ಅಂತರ ಕುಸಿದೇ ಇಲ್ಲ, ನನ್ನ ಲೆಕ್ಕವೂ ತಪ್ಪು ಎಂದಾಯಿತು. ಸರಿಯಾಗಿ ಕಂಡದ್ದು ನಾನು, ತಪ್ಪಾಗಿ ಲೆಕ್ಕ ಹಾಕಿದ್ದೂ ನಾನು. ಹೊಸ ಪೇಪರಿನಲ್ಲಿ ಹಳೆಯ ಪೇಪರಿನವರ ತಪ್ಪನ್ನು ವಿವರಿಸಿದ್ದರು. ಆ ಹೆಸರುಗಳಲ್ಲಿ ನಾನಿಲ್ಲ. ತಪ್ಪು ಮಾಡಿದವರ ಸಾಲಿನಲ್ಲೂ ಇಲ್ಲ, ಕಂಡುಹಿಡಿದವರ ಸಾಲಿನಲ್ಲೂ ಇಲ್ಲ. ಸರ್‌ಗೆ ಏನೂ ಆಗಲಿಲ್ಲ. ಪೋಸ್ಟ್ ಸಿಕ್ಕವನ ಪೋಸ್ಟೂ ಹೋಗಲಿಲ್ಲ.

ಹೋದ ವರ್ಷ ಸರ್ ನಮ್ಮ ಕಾಲೇಜಿಗೇ ಅತಿಥಿಯಾಗಿ ಬಂದರು. "ನಿಮ್ಮ ಗುರುಗಳಲ್ರೀ, ಸತ್ಕಾರ ಮತ್ತ ವಂದನಾರ್ಪಣಿ ನೀವ ಮಾಡ್ರಿ" ಎಂದರು ಪ್ರಿನ್ಸಿಪಾಲರು. ಶಾಲು, ಹಣ್ಣಿನ ಬುಟ್ಟಿ ಹಿಡಿದು ವೇದಿಕೆಯ ಬದಿಗೆ ನಿಂತೆ. ಸರ್ ಆರಿಸಿಕೊಂಡ ವಿಷಯ: ವಿಜ್ಞಾನ ತನ್ನ ತಪ್ಪನ್ನು ತಾನೇ ಹೇಗೆ ತಿದ್ದಿಕೊಳ್ಳುತ್ತದೆ. ಅವರ ಆ ಪೀಕಿನ ಕಥೆಯನ್ನೇ ನಗುತ್ತ, ನಗಿಸುತ್ತ ಹೇಳಿದರು. ತಪ್ಪು ಒಪ್ಪಿಕೊಳ್ಳುವ ದೊಡ್ಡತನಕ್ಕೆ ಸಭೆ ಕರಗಿಹೋಯಿತು.

"ನಮ್ಮ ಗುಂಪಿನ್ಯಾಗ ಒಬ್ಬರು ಆಗಿಂದಾಗ ಅಂದಿದ್ರು, ಬೀಮ್ ನಿಂತರೂ ಪೀಕ್ ಬೆಳ್ಯಾಕತ್ತೈತಿ ಅಂತ. ನಾವು ಕಿವ್ಯಾಗ ಹಾಕ್ಕೊಳ್ಳಿಲ್ಲ" ಎಂದರು.

ಮೂರನೆಯ ಸಾಲಿನಿಂದ ನಮ್ಮ ಬಿಎಸ್‌ಸಿ ಹುಡುಗಿಯೊಬ್ಬಳು ಎದ್ದು ಕೇಳಿದಳು: "ಅವರು ಯಾರ್ರೀ ಸರ್?"

ಸರ್ ಒಂದು ಗಳಿಗೆ ಯೋಚಿಸಿದರು. "ಭಾಳ ಮಂದಿ ಇದ್ವಿ. ಹೆಸರ ಈಗ ನೆನಪಿಲ್ಲ ನೋಡವಾ."

"ನಾನ್ರೀ ಸರ್" ಎಂದೆ. ಬಾಯಿಂದ ಬಂದೇಬಿಟ್ಟಿತು.

ಸರ್ ತಿರುಗಿ ನೋಡಿದರು. ಅವರ ಮುಖದಲ್ಲಿ ಒಂದಿಷ್ಟೂ ಮುಜುಗರವಿರಲಿಲ್ಲ. "ಅರೆ, ಹೌದಲ್ಲ! ನೀನ! ಮತ್ತ ಅವತ್ತ ಹಿಂಗ ಜೋರಾಗಿ ಯಾಕ ಹೇಳಲಿಲ್ಲವಾ?"

ಸಭಾಂಗಣವೆಲ್ಲ ಗೊಳ್ಳೆಂದು ನಕ್ಕಿತು. ಪ್ರಿನ್ಸಿಪಾಲರು ಚಪ್ಪಾಳೆ ತಟ್ಟಿದರು. ಪ್ರಶ್ನೆ ಕೇಳಿದ ಹುಡುಗಿಯೂ ನಕ್ಕಳು.

ನಾನು ಮೈಕಿನ ಮುಂದೆ ಹೋದೆ. ವಂದನಾರ್ಪಣೆಯ ಚೀಟಿಯಲ್ಲಿ ಆಡಳಿತ ಮಂಡಳಿಯಿಂದ ಹಿಡಿದು ಪೆಂಡಾಲಿನವರ ತನಕ ಎಲ್ಲರೂ ಇದ್ದರು. ಅದನ್ನು ಮಡಿಚಿ ಆ ಹುಡುಗಿಯನ್ನೇ ನೋಡಿ ಹೇಳಿದೆ: "ಜೋರಾಗೇ ಹೇಳಿದ್ನೆವಾ. ಹೇಳಿದ್ದಕ್ಕ ಇಲ್ಲೆ ಅದೇನಿ, ನಿಮಗ ಲೋಲಕ ತೋರಸ್ಕೋತ. ಸುಮ್ಮನ ಇದ್ದಾಂವ ಅಲ್ಲೆ ಸರ್ ಕಡೆ ಪೋಸ್ಟಿನ್ಯಾಗ ಅದಾನ."

ನಗು ನಿಂತಿತು. ಹುಡುಗಿ ಮೆಲ್ಲನೆ ಕೂತಳು. ಪ್ರಿನ್ಸಿಪಾಲರು ಕೆಮ್ಮಿದರು. ತಿರುಗಿ ನೋಡಿದರೆ ಸರ್ ಎದ್ದು ನಿಂತು, ಶಾಲಿಗಾಗಿ ಕತ್ತು ಬಾಗಿಸಿ ಕಾಯುತ್ತಿದ್ದರು. ಹೊದಿಸಿದೆ.